ಹೊರಟು ನಿಂತ ಕ್ಷೌರಿಕರು

ನಮ್ಮ ಬೀದಿಯ ಕ್ಷೌರಿಕರು ಊರು ಬಿಡುವುದೆಂದು ತೀರ್ಮಾನಿಸಿ ವರ್ಷವಾಗುತ್ತ ಬಂತು. ದೂರದ ನಗರದಲ್ಲಿ ಮಗಳು ಸ್ವಂತ ಅಂಗಡಿ ತೆರೆದು, ಅಪ್ಪನಿಗೆಂದೇ ಒಂದು ಕುರ್ಚಿ ಖಾಲಿ ಇಟ್ಟಿದ್ದಾಳೆ. "ಹೋಗೋದು ಹೋಗೋದೇ, ಅದರಲ್ಲಿ ಎರಡು ಮಾತಿಲ್ಲ" ಎನ್ನುತ್ತ ಇವರು ಅಂಗಡಿಯ ದೊಡ್ಡ ಕನ್ನಡಿಗೆ ಕಂಬಳಿ ಸುತ್ತುತ್ತಾರೆ; ಗಿರಾಕಿ ಬಂದರೆ ಮತ್ತೆ ಬಿಚ್ಚುತ್ತಾರೆ. ತಾವು ಹೋದಮೇಲೆ ಯಾರೂ ಕಷ್ಟಪಡಬಾರದೆಂದು ಪ್ರತಿಯೊಬ್ಬನಿಗೂ ಅವನವನ ತಲೆಯನ್ನೇ ಪಾಠ ಮಾಡುತ್ತಾರೆ: "ನಿಮಗೆ ಹಿಂದೆ ಎರಡು ಸುಳಿ ಇದೆ ಸ್ವಾಮಿ, ಹೊಸಬರು ಅಲ್ಲಿ ಮೆಷಿನ್ ಇಟ್ಟರೆ ಕೈ ಹಿಡ್ಕೊಳ್ಳಿ." ಬ್ಯಾಂಕ್ ಮ್ಯಾನೇಜರಂಥವರೂ ಪಾಠ ಒಪ್ಪಿಸಿದ ಮೇಲೆಯೇ ಕುರ್ಚಿಯಿಂದ ಇಳಿಯಬೇಕು. ನನ್ನ ಪಾಠ ಮಾತ್ರ ಬೇಗ ಮುಗಿಯಿತು. "ನಿಮ್ಮದೇನು ಬಿಡಿ, ಇರೋದನ್ನ ಉಳಿಸ್ಕೊಳ್ಳಿ" ಎಂದರು. ಇವರು ಹೋಗುವ ಪೈಕಿಯೇ ಅಲ್ಲ ಎಂದು ನಾವೆಲ್ಲ ನಗುತ್ತಿದ್ದೆವು. ತಡವಾಗುತ್ತಿದ್ದುದು ಇವರ ಅಣ್ಣನಿಗಾಗಿ ಎಂದು ನನಗೆ ತಿಳಿದದ್ದು ಮೊನ್ನೆ ಬೆಳಿಗ್ಗೆ ಅವರ ಮನೆಗೆ ಹೋದಾಗ. ಇವರಿಗೆ ಕಸುಬು ಕಲಿಸಿದ ಆ ಅಣ್ಣನಿಗೆ ಈಗ ಕೈ ನಡುಕ. ದಿನಾ ಅವರ ಗಡ್ಡ ಹೆರೆಯುವುದು ತಮ್ಮನೇ. ಅಂದು ಕ್ಷೌರದ ಕತ್ತಿ ಅತ್ತಿಗೆಯ ಕೈಯಲ್ಲಿತ್ತು. ಇವರು ಪಕ್ಕದಲ್ಲಿ ನಿಂತು, "ಚರ್ಮ ಎಳೆದು ಹಿಡೀರಿ ಅತ್ತಿಗೆ, ಹೆದರಬೇಡಿ" ಎನ್ನುತ್ತಿದ್ದರು. ಅಷ್ಟರಲ್ಲಿ ಅಣ್ಣನ ಗಲ್ಲದ ಮೇಲೆ ರಕ್ತ ಸಣ್ಣಗೆ ಒಸರಿತು. ಇವರ ಕೈ ತಾನಾಗಿ ಕತ್ತಿಯತ್ತ ಹೋಯಿತು. ಅಣ್ಣ ನಡುಗುವ ಕೈಯಿಂದಲೇ ಅದನ್ನು ತಡೆದು, "ನಿನಗಿಂತ ಇವಳ ಕೈಯೇ ಹಗುರ ಕಣೋ. ಹೋಗಿ ಟಿಕೆಟ್ ತಗೋ" ಎಂದರು.