ಮಗ್ಗದ ಶೆಡ್ಡಿನ ಬ್ಯಾಂಡು

ಎಂಬತ್ತರ ದಶಕದ ಕೊನೆಗೆ ಬನಹಟ್ಟಿಯಲ್ಲಿ ನಾವು ಮೂವರು ಸೇರಿ ರಾಕ್ ಬ್ಯಾಂಡ್ ಕಟ್ಟಿದ್ದೆವು ಎಂದರೆ ಈಗಲೂ ಜನ ನಗುತ್ತಾರೆ. ನಗಲಿ. ಅಣ್ಣನದು ಎಲೆಕ್ಟ್ರಿಕ್ ಗಿಟಾರು. ಅವನ ಗೆಳೆಯ ರೇಡಿಯೋ ರಿಪೇರಿಯವನು. ಹಳೆಯ ರೇಡಿಯೋ ಒಂದನ್ನು ಬಿಚ್ಚಿ ಗಿಟಾರಿನ ವೈರು ಅದಕ್ಕೇ ಜೋಡಿಸಿದ್ದ. ತಂತಿ ಮೀಟಿದರೆ ನೆಗಡಿಯಾದ ಗಂಟಲಿನ ದನಿ ಬರುತ್ತಿತ್ತು. ನಮಗೆ ಅದೇ ಬಲು ಇಷ್ಟ. ಡ್ರಮ್ಮು ಬಾರಿಸುತ್ತಿದ್ದವನೂ ಆ ಗೆಳೆಯನೇ. ಕೀಬೋರ್ಡ್ ನನ್ನದು. ಅದರಲ್ಲಿ ನೂರು ಬಗೆಯ ದನಿಗಳಿದ್ದವು, ನನಗೆ ಬರುತ್ತಿದ್ದುದು ನಾಲ್ಕೇ ಹಾಡು.

ತಾಲೀಮು ಮನೆಯ ಹಿಂದಿನ ಪವರ್‌ಲೂಮ್ ಶೆಡ್ಡಿನಲ್ಲಿ. ಅಪ್ಪನ ಆರು ಮಗ್ಗಗಳು ಖಟಖಟ ಹೊಡೆದುಕೊಳ್ಳುವಾಗ ನಮ್ಮ ಗದ್ದಲ ಓಣಿಗೆ ಕೇಳುತ್ತಿರಲಿಲ್ಲ. ಕರೆಂಟು ಹೋದರೆ ಮಗ್ಗವೂ ನಿಲ್ಲುತ್ತಿತ್ತು, ಕೀಬೋರ್ಡೂ ನಿಲ್ಲುತ್ತಿತ್ತು. ಅಮಾವಾಸ್ಯೆಗೆ ಮಗ್ಗ ಪೂಜೆ ಮಾಡಿ ರಜೆ ಕೊಟ್ಟರೆ ಕೀಬೋರ್ಡಿಗೂ ಕುಂಕುಮ ಹಚ್ಚಿ ನಾವೂ ರಜೆ ಮಾಡುತ್ತಿದ್ದೆವು.

ಜಮಖಂಡಿಯ ಕಾಲೇಜೊಂದರ ವಾರ್ಷಿಕ ಗ್ಯಾದರಿಂಗ್‌ನಲ್ಲಿ ಬಾರಿಸಲು ಕರೆ ಬಂತು. ಅಪ್ಪ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಹಾಕುತ್ತಲೇ ಹೇಳಿದ: "ಇದೊಂದ ಸಲ ಬಾರಿಸಿ ಬಾ, ಅಲ್ಲಿಗೆ ಮುಗೀತು ನೋಡವಾ. ಲಗ್ನದ ವಯಸ್ಸಿನಾಕಿ ನೀ. ಮಂದಿ ಮುಂದ ಇದೆಲ್ಲಾ ಛಲೋ ಕಾಣಂಗಿಲ್ಲ."

ಅಣ್ಣನಿಗೆ ಆ ಮಾತಿಲ್ಲ, ನನಗೆ ಮಾತ್ರ! ಸಿಟ್ಟು ನೆತ್ತಿಗೇರಿತು. ಅಪ್ಪನ ಮನಸ್ಸು ತಿರುಗುವ ಹಾಗೆ ಬಾರಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ಗ್ಯಾದರಿಂಗು ಬಿದ್ದದ್ದು ಅಮಾವಾಸ್ಯೆಯಂದು, ಮಗ್ಗಕ್ಕೆ ರಜೆ. ಮಧ್ಯಾಹ್ನ ನಾವು ವೇದಿಕೆ ಹತ್ತಿದಾಗ ಅಪ್ಪ ಮೂರನೇ ಸಾಲಿನಲ್ಲಿ ಟೋಪಿ ಸರಿಮಾಡಿಕೊಳ್ಳುತ್ತ ಕೂತಿದ್ದ. ಹಾಡು ಶುರುವಾಗಿ ಅರ್ಧ ನಿಮಿಷಕ್ಕೇ ಎಲ್ಲ ಚೆಲ್ಲಾಪಿಲ್ಲಿ. ಅಣ್ಣ ಮುಂದೆ ಓಡುತ್ತಿದ್ದ, ನಾನು ಹಿಂದೆ ಬಿದ್ದಿದ್ದೆ, ಡ್ರಮ್ಮು ನಮ್ಮಿಬ್ಬರನ್ನೂ ಹುಡುಕುತ್ತಿತ್ತು. ಆಗ ಹೊಳೆಯಿತು: ಇಷ್ಟು ದಿನ ನಮಗೆ ತಾಳ ಹಾಕುತ್ತಿದ್ದದ್ದು ಮಗ್ಗ. ಅದರ ಸದ್ದಿಲ್ಲದೆ ನಾವು ಒಂದು ದಿನವೂ ಬಾರಿಸಿರಲಿಲ್ಲ. ಹುಡುಗರು ಸೀಟಿ ಹೊಡೆದರು. ಎರಡನೇ ಹಾಡಿನ ತಂಟೆಗೇ ಹೋಗದೆ ಕೆಳಗಿಳಿದೆವು.

ಬಸ್ಸಿನಲ್ಲಿ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಇನ್ನು ಇದನ್ನು ಮುಟ್ಟುವಂತಿಲ್ಲವಲ್ಲ! ಬನಹಟ್ಟಿ ಹತ್ತಿರವಾದಾಗ ಪಕ್ಕದಲ್ಲಿದ್ದ ಅಪ್ಪ ಮಾತು ತೆಗೆದ.

"ಮಗ್ಗದ ಸಪ್ಪಳಕ್ಕ ರೂಢಿ ಆಗೀರಿ ನೀವು. ನಾಳಿಂದ ದಿನಾ ಸಂಜೀಕ ಒಂದ ತಾಸು ಮಗ್ಗ ನಿಲ್ಲಸ್ತೇನಿ. ಮೂರೂ ಮಂದಿ ಕುಂತು ಬಾರಸ್ರಿ."

ಅಮಾವಾಸ್ಯೆ ಬಿಟ್ಟರೆ, ಕರೆಂಟಿದ್ದಾಗ ತಾನಾಗಿ ಮಗ್ಗ ನಿಲ್ಲಿಸಿದ ಮನುಷ್ಯನಲ್ಲ ಅವನು. ಜ್ವರ ಬಂದಾಗಲೂ ಶೆಡ್ಡಿನಲ್ಲೇ ಇರುತ್ತಿದ್ದ. ನನ್ನ ಅಳು ಇನ್ನೂ ಜೋರಾಯಿತು.

ಅಪ್ಪ ಗಾಬರಿಯಾಗಿ ನನ್ನತ್ತ ಬಾಗಿದ. "ಮತ್ಯಾಕ ಅಳ್ತಿಬೇ? ಒಂದ ತಾಸು ಕಡಿಮಿ ಆತೇನು?"