ಕಾಕನ ಕೈಯ ಬಗ್ಗೆ ನಾನು ಹೇಳಿದ್ದು

ಬಾಣಕ್ಕೆ ಗರಿ ಅಂಟಿಸುವುದೂ ಒಂದು ಕೆಲಸವಾ ಎಂದು ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ಹೌದು, ಕೆಲಸವೇ. ಬಹರೈನಿನ ಮನಾಮಾದಲ್ಲಿ ಬಿಲ್ಲುಬಾಣ ಮಾರುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಆರು ವರ್ಷದಿಂದ ಅದನ್ನೇ ಮಾಡಿಕೊಂಡಿದ್ದೇನೆ. ಇಲ್ಲಿಂದ ಬೇಟೆಗೆಂದು ಆಫ್ರಿಕಾಕ್ಕೆ ಹೋಗುವ ಗಿರಾಕಿಗಳಿದ್ದಾರೆ. ಅವರ ಕಾರ್ಬನ್ ಬಾಣಗಳ ಹಿಂತುದಿಗೆ ಮೂರು ಪ್ಲಾಸ್ಟಿಕ್ ಗರಿಗಳನ್ನು ಕೂರಿಸಬೇಕು. ಒಂದು ಗರಿ ಎದ್ದರೂ ಬಾಣ ಓರೆಯಾಗುತ್ತದೆ. ಆಗ ಪ್ರಾಣಿ ಒಂದೇ ಏಟಿಗೆ ಬೀಳುವುದಿಲ್ಲ, ಗಾಯಗೊಂಡು ಓಡಿ ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ.

ನನಗೆ ಈ ಕೆಲಸ ಕಲಿಸಿದವರು, ಅಂಗಡಿಯಲ್ಲಿ ಎಲ್ಲರೂ ಕಾಕ ಎನ್ನುತ್ತಿದ್ದ ಹಿರಿಯರು. ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು. ನಾನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗಲೇ ಬಹರೈನಿಗೆ ಬಂದವರು. ಅವಸರ ಎಂಬುದು ಅವರ ಮೈಯಲ್ಲೇ ಇರಲಿಲ್ಲ. ಮೊದಲು ಬಾಣದ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ಆಮೇಲೆ ಆ ತುದಿಯನ್ನು ನೀರಿನಲ್ಲಿ ಅದ್ದಿ ಎತ್ತಿ ನೋಡಬೇಕು. ನೀರು ತೆಳುವಾಗಿ ಹರಡಿಕೊಂಡರೆ ಶುದ್ಧ. ಹನಿಹನಿಯಾಗಿ ನಿಂತರೆ ಜಿಡ್ಡಿದೆ, ಮತ್ತೆ ಒರೆಸು. ಒಣಗಿದ ಮೇಲೆ ಗರಿಯ ಬುಡಕ್ಕೆ ಸಣ್ಣಗೆ ಅಂಟಿನ ಗೆರೆ ಎಳೆದು, ಗರಿ ಹಿಡಿಯುವ ಚಿಮಟದಲ್ಲಿ ಸಿಕ್ಕಿಸಿ, ಕಡ್ಡಿಗೆ ಒತ್ತಿ ಕಾಯಬೇಕು. ಕೊನೆಗೆ ಗರಿಯ ಎರಡೂ ತುದಿಗೆ ಒಂದೊಂದು ಚುಕ್ಕೆ ಅಂಟು. ಕಾಕ ಚುಕ್ಕೆ ಇಟ್ಟರೆ ಸಾಸಿವೆ ಕಾಳಿನಷ್ಟೇ, ಒಂದಿಷ್ಟೂ ಆಚೆ ಹರಿಯುತ್ತಿರಲಿಲ್ಲ. ನಾನು ನೀರಿನ ಪರೀಕ್ಷೆಯನ್ನು ಒಂದು ತಿಂಗಳು ಮಾಡಿ ಬಿಟ್ಟುಬಿಟ್ಟೆ. ಮುದುಕರ ಮಡಿ ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಒಬ್ಬ ಗಿರಾಕಿ ಬೇಟೆಯಿಂದ ಮರಳಿ ಬಂದು ಐದು ಬಾಣಗಳನ್ನು ಮೇಜಿನ ಮೇಲೆ ಎಸೆದ. ಎಲ್ಲದರಲ್ಲೂ ಒಂದೊಂದು ಗರಿ ಕಿತ್ತುಬಂದಿತ್ತು. ಗಾಯಗೊಂಡ ಜಿಂಕೆಯನ್ನು ಎರಡು ದಿನ ಹುಡುಕಿದೆ, ಸಿಗಲಿಲ್ಲ ಎಂದ. ಅಂಗಡಿಯ ಮಾಲೀಕರನ್ನು ನಾವೆಲ್ಲ ಅರ್ಬಾಬ್ ಎನ್ನುತ್ತೇವೆ. ಅವರು ನಮ್ಮಿಬ್ಬರನ್ನೂ ಕರೆದು, ಇದು ಯಾರ ಕೆಲಸ ಎಂದು ಹಿಂದಿಯಲ್ಲಿ ಕೇಳಿದರು. ಇಬ್ಬರ ಬಾಣಗಳೂ ಒಂದೇ ಕಟ್ಟಿಗೆ ಸೇರುತ್ತಿದ್ದುದರಿಂದ ಹೇಳಲು ಬರುವಂತಿರಲಿಲ್ಲ. ಮಗಳನ್ನು ಈಸಾ ಟೌನಿನ ಸ್ಕೂಲಿಗೆ ಸೇರಿಸಿ ಒಂದು ತಿಂಗಳಾಗಿತ್ತು. ಕೆಲಸ ಹೋದರೆ ಗತಿಯೇನು ಎಂಬುದೊಂದೇ ತಲೆಯಲ್ಲಿತ್ತು. ಬಾಯಿಂದ ಮಾತು ಹೊರಟೇಬಿಟ್ಟಿತು: "ಕಾಕನ ಕೈ ಈಗೀಗ ನಡುಗುತ್ತದೆ. ಅಂಟಿಸುವಾಗ ನಾನು ನೋಡಿದ್ದೇನೆ."

ನಾನು ನೋಡಿರಲಿಲ್ಲ. ಒಂದು ಸಲವೂ ನೋಡಿರಲಿಲ್ಲ.

ಕಾಕ ಜಗಳವಾಡುತ್ತಾರೆ ಅಂದುಕೊಂಡಿದ್ದೆ. ಅವರು ಎರಡೂ ಕೈಗಳನ್ನು ಮುಂದೆ ಚಾಚಿ, ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಪ್ರಾಯ ಆಯ್ತಲ್ಲ, ಇರಬಹುದು," ಎಂದರು ಮೆಲ್ಲಗೆ. ಅವರ ವೀಸಾ ಮುಗಿಯುವುದರಲ್ಲಿತ್ತು, ಅರ್ಬಾಬ್ ಅದನ್ನು ಮುಂದುವರಿಸಲಿಲ್ಲ. ಹೊರಡುವ ದಿನ ಕಾಕ ಹೂರಾ ಬಡಾವಣೆಯ ತಮ್ಮ ರೂಮಿನಲ್ಲಿ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಕೊನೆಯ ಗಂಟನ್ನು ನನ್ನಿಂದ ಹಾಕಿಸಿದರು. ತಮ್ಮ ಕೈಯ ಗಂಟು ಗಟ್ಟಿ ನಿಲ್ಲಲಿಕ್ಕಿಲ್ಲ ಎಂದರು. ನಾನು ಗಂಟು ಹಾಕಿದೆ.

ಅವರು ಹೋಗಿ ಒಂದು ವರ್ಷ ಕಳೆದ ಮೇಲೆ, ಮುಂದಿನ ಬೇಟೆಯ ಕಾಲದಲ್ಲಿ, ಗರಿ ಎದ್ದ ಬಾಣಗಳು ಮತ್ತೆ ಅಂಗಡಿಗೆ ಮರಳಿ ಬರತೊಡಗಿದವು. ಈಗ ದೂರು ಹೊರಿಸಲು ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಂಟು ಬದಲಿಸಿದೆ, ಗರಿ ಬದಲಿಸಿದೆ. ಕೊನೆಗೆ ಬೇರೆ ದಾರಿ ಕಾಣದೆ ಒರೆಸಿಟ್ಟ ಕಡ್ಡಿಯೊಂದನ್ನು ನೀರಿಗೆ ಅದ್ದಿ ಎತ್ತಿದೆ. ಕೆಸುವಿನ ಎಲೆಯ ಮೇಲಿನ ಹಾಗೆ ನೀರು ಹನಿಹನಿಯಾಗಿ ನಿಂತಿತ್ತು. ಬೆರಳನ್ನು ಮೂಗಿನ ಹತ್ತಿರ ತಂದೆ. ತೆಂಗಿನೆಣ್ಣೆ. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚದೆ ನಾನು ಹೊಸ್ತಿಲು ದಾಟಿದವನಲ್ಲ. ನಿನ್ನ ತಲೆಯ ಎಣ್ಣೆಯಲ್ಲಿ ಹತ್ತು ಬಂಗುಡೆ ಮೀನು ಹುರಿಯಬಹುದು ಎಂದು ಕಾಕ ತಮಾಷೆ ಮಾಡುತ್ತಿದ್ದರು. ಕೆಲಸದ ನಡುವೆ ಕೂದಲನ್ನು ಹಿಂದಕ್ಕೆ ನೀವಿಕೊಳ್ಳುವ ಚಟ ನನ್ನದು. ಒರೆಸಿದ ಕಡ್ಡಿಯನ್ನು ಅದೇ ಬೆರಳಲ್ಲಿ ಹಿಡಿದು ಗರಿ ಕೂರಿಸುತ್ತಿದ್ದೆ. ಕಾಕನದು ಬೋಳುತಲೆ, ಅದರ ಮೇಲೊಂದು ಟೊಪ್ಪಿ.

ಕುರ್ಚಿಯಲ್ಲಿ ಕೂತುಬಿಟ್ಟೆ. ಅಳು ಬಂತು, ಅತ್ತೆ. ಆದರೂ ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ಎಣ್ಣೆ ಬಿಟ್ಟೆ, ನೀರಿನ ಪರೀಕ್ಷೆ ಶುರುಮಾಡಿದೆ, ಗರಿಗಳು ಗಟ್ಟಿ ನಿಂತವು.

ಈದ್ ಹಬ್ಬದ ದಿನ ಶುಭಾಶಯ ಹೇಳಲು ಕಾಕನ ಮನೆಗೆ ಫೋನ್ ಮಾಡಿದೆ. ಎತ್ತಿಕೊಂಡವರು ಅವರ ಹೆಂಡತಿ.

"ನೀನಾದ್ರೂ ಒಂದು ಮಾತು ಹೇಳು ಮಗಾ," ಎಂದರು. "ಮೊಮ್ಮಗುವನ್ನು ಎತ್ತಿಕೊಳ್ಳುವುದೇ ಇಲ್ಲ. ಕೈ ನಡುಗ್ತದಂತೆ, ಬೀಳಿಸಿಬಿಡ್ತೇನೆ ಅಂತಾರೆ. ಎಲ್ಲಿ ನಡುಗುವುದು? ನಂಗೆ ಕಾಣುವುದಿಲ್ಲ."

ಆಮೇಲೆ ಕಾಕ ಬಂದರು. ಹಬ್ಬದ ಮಾತು ಮುಗಿದ ಮೇಲೆ, ತಡೆದುಕೊಳ್ಳಲಾಗದೆ ಎಣ್ಣೆಯ ವಿಷಯ ಹೇಳಿದೆ.

"ಹಾಗಾದ್ರೆ ನನ್ನ ಕೈಗೆ ಎಂತದೂ ಆಗಿರ್ಲಿಲ್ವಾ?" ಎಂದರು.

"ಗರಿ ಎದ್ದದ್ದು ನಿಮ್ಮ ಕೈಯಿಂದ ಅಲ್ಲ ಕಾಕ," ಎಂದೆ. ಅವರು ಕೇಳಿದ್ದು ಗರಿಯ ಬಗ್ಗೆ ಅಲ್ಲ, ನಡುಕದ ಬಗ್ಗೆ ಎಂದು ನನಗೆ ಗೊತ್ತಿತ್ತು.

"ಅರ್ಬಾಬಿಗೆ ಹೇಳು ಮಾರಾಯ. ಕೆಲ್ಸ ಬೇಡ ನಂಗೆ, ಬರುವುದೂ ಇಲ್ಲ. ಅವರಿಗೆ ಗೊತ್ತಾಗ್ಬೇಕು, ಅಷ್ಟೇ."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಪ್ರತಿ ಶುಕ್ರವಾರ ಅವರ ಫೋನ್ ಬರತೊಡಗಿತು. ಅರ್ಬಾಬ್ ಊರಲ್ಲಿಲ್ಲ ಎಂದೆ, ಹುಷಾರಿಲ್ಲ ಎಂದೆ. ನಾಲ್ಕನೆಯ ಶುಕ್ರವಾರ ಸಾಕಾಗಿ, "ಹೇಳಿದೆ ಕಾಕ," ಎಂದುಬಿಟ್ಟೆ.

"ಎಂತ ಹೇಳಿದ್ರು?"

"ನಿಮ್ಮಂಥ ಕೈ ಈ ಅಂಗಡಿಗೆ ಮತ್ತೆ ಸಿಗಲಿಲ್ಲ ಅಂದ್ರು."

ಕಾಕ ನಕ್ಕರು. ಹೆಂಡತಿಯನ್ನು ಕರೆದು ಆ ಮಾತನ್ನು ಬ್ಯಾರಿ ಭಾಷೆಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಮತ್ತೆ ಫೋನಿಗೆ ಬಂದು, "ದೊಡ್ಡ ಮನುಷ್ಯ ಅವರು. ನಾಳೆ ಬೆಳಿಗ್ಗೆ ನಾನೇ ಫೋನ್ ಮಾಡಿ ಉಪಕಾರ ಆಯ್ತು, ಶುಕ್ರಾನ್ ಹೇಳ್ತೇನೆ," ಎಂದರು.

ಮರುದಿನ ಅಂಗಡಿ ತೆರೆಯುವ ಮೊದಲೇ ಅರ್ಬಾಬಿನ ಎದುರು ನಿಂತಿದ್ದೆ. ಎಣ್ಣೆಯ ಕಥೆ, ನಾನು ಅವರ ಬಾಯಲ್ಲಿ ಇಟ್ಟ ಮಾತು, ಕಾಕ ಈಗ ಫೋನ್ ಮಾಡುತ್ತಾರೆ ಎಂಬುದು, ಎಲ್ಲ ಹೇಳಿದೆ. ಇನ್ನು ಕೆಲಸ ಹೋಯಿತು ಎಂದೇ ತಿಳಿದಿದ್ದೆ. ಅವರು ಬೈಯಲಿಲ್ಲ.

"ಎಣ್ಣೆ ನಿನಗೆ ಗೊತ್ತಿಲ್ಲದೆ ಆದದ್ದು," ಎಂದರು. "ಆದರೆ ಅವನ ಕೈ ನಡುಗುವುದನ್ನು ನೋಡಿದ್ದೇನೆ ಎಂದೆಯಲ್ಲ. ನೋಡಿದ್ದೆಯಾ?"

"ಇಲ್ಲ," ಎಂದೆ.

"ಇದು ಅವನಿಗೆ ಗೊತ್ತೇ?"

"ಇಲ್ಲ."

ಅರ್ಬಾಬ್ ಫೋನನ್ನು ಮೇಜಿನ ಮೇಲಿಟ್ಟು, ಎದುರಿನ ಕುರ್ಚಿ ತೋರಿಸಿದರು. ನಾನು ಕೂತೆ. ಸ್ವಲ್ಪ ಹೊತ್ತಿನಲ್ಲೇ ಫೋನ್ ಬಡಿದುಕೊಂಡಿತು. ಅವರು ಅದನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಕಾಕ ತಮಗೆ ಬರುತ್ತಿದ್ದ ಅಷ್ಟೂ ಅರಬ್ಬಿಯಲ್ಲಿ, ಉಸಿರು ಬಿಡದೆ, ಅರ್ಬಾಬಿಗೆ ಸಲಾಂ ಹೇಳುತ್ತಿದ್ದರು, ಮಕ್ಕಳ ಕ್ಷೇಮ ಕೇಳುತ್ತಿದ್ದರು. ಅವರ ದನಿ ಅಷ್ಟು ಸಂತೋಷದಲ್ಲಿದ್ದುದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ಕಾಕ," ಎಂದೆ, "ನಾನು."