ಬಿಚ್ಚಿಟ್ಟ ಬಾಗಿಲಿನ ಸದ್ದು

ಖಣ್. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಧಪ್. ನಮ್ಮ ಕಾರಿನ ಹಿಂದಿನ ಎಡಬಾಗಿಲು ಮುಚ್ಚುತ್ತಿದ್ದುದು ಹಾಗೆ. ನಾರಾಯಣಪೇಟೆಯ ಮನೆಯ ಯಾವ ಕೋಣೆಯಲ್ಲಿದ್ದರೂ ಆ ಸದ್ದು ಕೇಳಿದೊಡನೆ ಅವ್ವ ಎಲ್ಲಿಗೋ ಹೊರಟಳೆಂದು ನನಗೆ ಗೊತ್ತಾಗುತ್ತಿತ್ತು.

ದೆವ್ವ, ಗಾಳಿ ಎಂಬ ಮಾತುಗಳು ನನಗೆ ಎಂದೂ ಹಿಡಿಸಿದವಲ್ಲ. ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಬೆಳೆದವಳು. ಸಿಸ್ಟರ್‌ಗಳು ನಮಗೆ ಪ್ರೇಯರ್ ಎಷ್ಟು ಕಲಿಸಿದರೋ ಸೂಪರ್‌ಸ್ಟಿಷನ್ ಬಗೆಗಿನ ತಾತ್ಸಾರವನ್ನೂ ಅಷ್ಟೇ ಕಲಿಸಿದರು. ರಜೆಗೆ ಬಂದಾಗ ಅಡುಗೆಯವಳು ಹುಣಸೆಮರದ ಕತೆ ತೆಗೆದರೆ "ನಾನ್‌ಸೆನ್ಸ್" ಎಂದು ಎದ್ದು ಹೋಗುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ನಿಜಾಮರ ಕಾಲ, ಯುದ್ಧ ನಡೆಯುತ್ತಿದ್ದ ವರ್ಷಗಳು. ಅಪ್ಪ ವಕೀಲರು. ನಮ್ಮಂಥ ಹಿಂದೂ ಮನೆಗಳ ಹೆಂಗಸರಿಗೂ ಆಗ ಗೋಷಾ ಇತ್ತು, ಪರಗಂಡಸರ ಕಣ್ಣಿಗೆ ಬೀಳುವಂತಿರಲಿಲ್ಲ. ಕಾರಿನ ಹಿಂದಿನ ಕಿಟಕಿಗಳಿಗೆ ಪರದೆ ಕಟ್ಟಿರುತ್ತಿದ್ದರು. ಅವ್ವ ಹೊರಡುವಾಗ ಡ್ರೈವರ್ ಮೆಹಬೂಬ್ ಚಾಚಾ ಬಾಗಿಲು ತೆರೆದು, ಮುಖ ಆ ಕಡೆ ತಿರುಗಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದರು. ಅವ್ವ ಹತ್ತಿ ಕೂತು ತಾನೇ ಬಾಗಿಲು ಎಳೆದುಕೊಳ್ಳುವಳು. ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ ಒಣಗಿ ಕಲ್ಲಾಗಿತ್ತು, ಹಾಗಾಗಿ ಬಾಗಿಲು ಒಮ್ಮೆ ಪುಟಿದು ಹಿಂದಕ್ಕೆ ಬರುವುದು. ಅಷ್ಟರಲ್ಲಿ ಹೊರಗೆ ಜೋತ ಸೆರಗನ್ನು ಒಳಗೆ ತೆಗೆದುಕೊಂಡು ಇನ್ನೊಮ್ಮೆ ಎಳೆಯುವಳು. ಆ ಎರಡನೆಯ ಸದ್ದು ಕೇಳಿದ ಮೇಲೆಯೇ ಚಾಚಾ ಈ ಕಡೆ ತಿರುಗುವುದು. ನಾನು ಹುಟ್ಟುವ ಮೊದಲಿನಿಂದ ಅವ್ವನನ್ನು ಊರೂರು ಕರೆದೊಯ್ದ ಆ ಮನುಷ್ಯ ಅವಳ ಮುಖ ನೋಡಿರಲಿಲ್ಲ.

ಆ ವರ್ಷ ಮಳೆಗಾಲದಲ್ಲಿ ಅವ್ವನಿಗೆ ಹಿಡಿದ ಜ್ವರ ಬಿಡಲಿಲ್ಲ. ಇದೇ ಕಾರಿನಲ್ಲಿ ತವರೂರು ಗದ್ವಾಲಿಗೆ ಹೋದಳು, ಅಲ್ಲಿಯೇ ತೀರಿಕೊಂಡಳು. ಕಾನ್ವೆಂಟಿಗೆ ಸುದ್ದಿ ಬಂದದ್ದು ಎಲ್ಲಾ ಮುಗಿದ ಮೇಲೆ. ಕ್ರಿಸ್‌ಮಸ್ ರಜೆಗೆ ಬಂದರೆ ಮನೆಯಲ್ಲಿ ಮಾತೇ ಇಲ್ಲ. ಅಪ್ಪ ಊಟಕ್ಕೆ ಕೂತರೆ ತಟ್ಟೆ ನೋಡಿ ಉಣ್ಣುವರು, ಏಳುವರು. ಒಂದು ದಿನ ಮಾತ್ರ, ಕಾರನ್ನು ಗದ್ವಾಲಿನ ಸೋದರಮಾವನಿಗೆ ಕೊಡುವುದಾಗಿಯೂ ಚಾಚಾ ಅದರ ಜೊತೆಗೇ ಅಲ್ಲಿ ಕೆಲಸಕ್ಕೆ ಹೋಗುವುದಾಗಿಯೂ ಹೇಳಿದರು. ಕೊಡುವ ಮುಂಚೆ ರಿಪೇರಿ ಆಗಬೇಕು.

ಗದ್ವಾಲಿಗೆ ಹೋಗುವಾಗಲೆಲ್ಲ ಜೋಡಿಸಿ ಕಟ್ಟಿದ ಎರಡು ದೋಣಿಗಳ ಮೇಲೆ ಹಲಗೆ ಹಾಸಿ ಕಾರನ್ನು ಕೃಷ್ಣೆ ದಾಟಿಸುತ್ತಿದ್ದರು. ನೀರು ಸಿಡಿದು ಸಿಡಿದು ಬಾಗಿಲುಗಳ ಕೆಳಅಂಚಿಗೆ ಜಂಗು ಹತ್ತಿತ್ತು. ಚಾಚಾ ಅಂಗಳದ ಬೇವಿನ ಕೆಳಗೆ ಕೂತು ಒಂದೊಂದೇ ಬಾಗಿಲನ್ನು ಬಿಚ್ಚಿ, ತಂತಿ ಬ್ರಷ್ಷಿನಿಂದ ಉಜ್ಜಿ, ಕೆಂಪು ಬಣ್ಣ ಬಳಿಯುತ್ತಿದ್ದರು. ಯುದ್ಧದ ದೆಸೆಯಿಂದ ಹೊಸ ರಬ್ಬರ್ ಸಿಗುತ್ತಿರಲಿಲ್ಲ. ಕುರುಬರ ಕಂಬಳಿಯೊಂದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬಾಗಿಲ ಚೌಕಟ್ಟಿಗೆ ಅಂಟಿಸುತ್ತಿದ್ದರು. ನಾನು ದಿನವಿಡೀ ಕಟ್ಟೆಯ ಮೇಲೆ ಕೂತು ನೋಡುವೆ. ಬೇರೆ ಯಾರ ಹತ್ತಿರ ಹೋಗಿ ಕೂಡಲಿ?

"ಯಾಕ್ರೀ ಬೇಟಿ, ಬಾಗ್ಲಾ ಕಾಯ್ಕೊಂತ ಕುಂತ್ರಿ? ಅದೇನ್ ಓಡಿ ಹೋಗಾಂಗಿಲ್ಲ. ಗಾಲಿ ಬ್ಯಾರೆ ಕಡೆ ಅದಾವ" ಎಂದು ಚಾಚಾ ನಗಿಸಲು ನೋಡಿದರು.

ನಾನು ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟೆ. "ಹೋಗೋ ಮುಂದ ಅವ್ವ ಏನರ ಅಂದ್ಳಾ ಚಾಚಾ? ನನ್ನ ಬಗ್ಗೆ?"

ಅವರ ಬ್ರಷ್ಷು ನಿಂತಿತು. "ನಾ ಮುಖ ತಿರುಗ್ಸಿ ನಿಂತಿದ್ದೆ ಬೇಟಿ. ಬಾಗ್ಲಾ ಹಾಕ್ಕೊಂಡ ಸಪ್ಪಳ ಅಷ್ಟ ಕೇಳೇನಿ. ಎರಡ್ ಸಲ. ದಿನಾ ಹಾಕ್ಕೊಂಡಂಗನ."

ಅಂದರೆ ಅವಳು ಈ ಮನೆ ಬಿಟ್ಟುಹೋಗುವಾಗ ಉಳಿಸಿದ್ದು ಆ ಸದ್ದೊಂದೇ. ಅದನ್ನೂ ಇವರು ಕಂಬಳಿಯಲ್ಲಿ ಮುಚ್ಚಲಿದ್ದರು.

"ಆ ಎಡಗಡೆ ಬಾಗ್ಲದ್ದು ಹಳೇ ರಬ್ಬರ್ ಹಂಗ ಇರ್ಲಿ ಚಾಚಾ."

"ಹಾಂ, ಇರ್ಲಿ! ನಿಮ್ಮ ಮಾವ ದಿನಾ ಬಾಗ್ಲದ ಜೋಡಿ ಕುಸ್ತಿ ಹಿಡೀಲಿ. ವಕೀಲ್ ಸಾಬ್ರು ನನ್ನ ತೊಗಲು ಸುಲೀತಾರ್ರೀ" ಎಂದು ಆ ರಬ್ಬರನ್ನೂ ಕಿತ್ತು ಗೋಡೆಯ ಮೊಳೆಗೆ ನೇತುಹಾಕಿದರು. ಬಾಗಿಲನ್ನು ಬಿಚ್ಚಿ ಎರಡು ಪೆಟ್ಟಿಗೆಗಳ ಮೇಲೆ ಅಂಗಾತ ಮಲಗಿಸಿದರು. ನಾನು ಮುನಿಸಿಕೊಂಡು ಒಳಗೆ ಹೋದೆ.

ಆ ಮಧ್ಯಾಹ್ನ ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಓಣಿಯ ನೇಕಾರರೆಲ್ಲ ಊಟಕ್ಕೆ ಎದ್ದಿದ್ದರು, ಮಗ್ಗಗಳು ನಿಂತಿದ್ದವು. ಆಗ ಅಂಗಳದಿಂದ ಖಣ್ ಎಂದಿತು. ನಾನು ತಲೆ ಎತ್ತಿದೆ. ಸೆರಗು ಒಳಗೆ ತೆಗೆದುಕೊಳ್ಳುವಷ್ಟು ಹೊತ್ತು. ಆಮೇಲೆ ಧಪ್.

ಓಡಿ ಬಂದೆ. ಬಾಗಿಲು ಪೆಟ್ಟಿಗೆಗಳ ಮೇಲೆ ಇಟ್ಟಲ್ಲಿಯೇ ಇತ್ತು, ಬ್ರಷ್ಷು ಅದರ ಮೇಲೆ. ರಬ್ಬರು ಮೊಳೆಯಲ್ಲಿ. ಕಾರಿನಲ್ಲಿ ಆ ಬಾಗಿಲಿರಬೇಕಾದ ಜಾಗ ಬಟ್ಟಬಯಲು. ಅದರ ಪಕ್ಕದಲ್ಲಿ ಮೆಹಬೂಬ್ ಚಾಚಾ ನಿಂತಿದ್ದರು, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ.

"ಚಾಚಾ" ಎಂದೆ. ಅವರು ನಿಧಾನವಾಗಿ ತಿರುಗಿದರು.

"ನೀವೂ ಕೇಳಿದ್ರೇನು?" ಎಂದು ಕೇಳಿದೆ.

"ಗೊತ್ತಿಲ್ಲ ಬೇಟಿ. ಉಣ್ಣಾಕ ಕುಂತಿದ್ದೆ. ನೋಡ್ತೀನಿ, ಎದ್ದು ನಿಂತೀನಿ." ಬೇವಿನ ಬುಡದಲ್ಲಿ ಅವರ ರೊಟ್ಟಿ ಅರ್ಧ ಮುರಿದು ಬಿದ್ದಿತ್ತು.

ನಮ್ಮಿಬ್ಬರ ಇಮ್ಯಾಜಿನೇಷನ್ ಎನ್ನಿ. ನಾನೂ ಎಷ್ಟೋ ಸಲ ಹಾಗೆಯೇ ಅಂದುಕೊಂಡಿದ್ದೇನೆ. ಆದರೆ ಇಬ್ಬರಿಗೂ ಒಂದೇ ಕ್ಷಣಕ್ಕೆ, ಬೇರೆ ಬೇರೆ ಕಡೆ ಕೂತಾಗ, ಅದೇ ಭ್ರಮೆ ಹೇಗಾಯಿತು? ಪಕ್ಕದ ಮನೆಯವರದೆನ್ನಲು ಆ ಓಣಿಯಲ್ಲಿ ಬೇರೆ ಕಾರಿರಲಿಲ್ಲ. ಫ್ರಾಂಕ್ ಆಗಿ ಹೇಳುತ್ತೇನೆ, ನನಗೆ ಹೆದರಿಕೆ ಆಗಲಿಲ್ಲ. ಮತ್ತೊಮ್ಮೆ ಕೇಳಲಿ ಎಂದು ಕತ್ತಲಾಗುವವರೆಗೆ ಅಲ್ಲೇ ಕೂತಿದ್ದೆ. ಕೇಳಲಿಲ್ಲ.

ಕೆಲಸ ಮುಗಿದ ದಿನ ಅಪ್ಪ ಬಂದು ಬಾಗಿಲುಗಳನ್ನು ಒಂದೊಂದಾಗಿ ಹಾಕಿ ನೋಡಿದರು. ಮೂರು ಬಾಗಿಲು ದಿಂಬಿಗೆ ಗುದ್ದಿದಂತೆ ಮೆತ್ತಗೆ ಕೂತವು. ನಾಲ್ಕನೆಯದು ಖಣ್ ಎಂದು ಪುಟಿದು ಬಂತು. ಚಾಚಾ ಅದಕ್ಕೆ ಹಳೆಯ ರಬ್ಬರನ್ನೇ ತಿರುಗಿ ಕೂರಿಸಿದ್ದರು. ಬೈಗುಳಕ್ಕೆ ಕಾದು ಇಬ್ಬರೂ ತಲೆ ತಗ್ಗಿಸಿ ನಿಂತೆವು. ಅಪ್ಪ ಆ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಎರಡನೇ ಸಲ ಹಾಕಲಿಲ್ಲ. ಹಾಗೆಯೇ ಬಿಟ್ಟು ಒಳಗೆ ಹೋದರು.

ಮಕ್ತಲ್ ದಾಟಿ ಕೃಷ್ಣೆಯ ದಡದವರೆಗೆ ನಾನೂ ಅಪ್ಪನೂ ಕಾರಿನಲ್ಲಿ ಹೋದೆವು. ಅಲ್ಲಿಂದ ನಾವು ಬಂಡಿಯಲ್ಲಿ ಹಿಂದಿರುಗುವುದು. ದೋಣಿಯವರು ಕಾರನ್ನು ಹಲಗೆಯ ಮೇಲೆ ಹತ್ತಿಸಲು ಬಂದಾಗ ಚಾಚಾ ಕೈ ತೋರಿಸಿ ಅವರನ್ನು ತಡೆದರು. ಹಿಂದಿನ ಎಡಬಾಗಿಲನ್ನು ತೆರೆದರು. ಮುಖವನ್ನು ನದಿಯ ಕಡೆ ತಿರುಗಿಸಿ, ಕೈ ಬೆನ್ನ ಹಿಂದೆ ಕಟ್ಟಿ ನಿಂತರು. ದೋಣಿಯವನೊಬ್ಬ ತೆಲುಗಿನಲ್ಲಿ ಏನೋ ಗೊಣಗಿದ. ಅಪ್ಪ ಅವನನ್ನು ಸುಮ್ಮನಿರಿಸಿದರು.

"ಹೋಗಿ ಬಾ ಅವ್ವಾ" ಎಂದೆ, ನನಗಷ್ಟೇ ಕೇಳುವಂತೆ.

ಚಾಚಾ ಇನ್ನೂ ಕಾಯುತ್ತಿದ್ದರು. ನೀರಿನ ಮೇಲಿಂದ ಗಾಳಿ ಜೋರಾಗಿ ಬೀಸುತ್ತಿತ್ತು, ನನಗೆ ಬೇರೆ ಯಾವ ಸದ್ದೂ ಕೇಳಲಿಲ್ಲ. ಅಪ್ಪ ನನ್ನ ಭುಜ ಹಿಡಿದು ಬಂಡಿಯ ಕಡೆ ತಿರುಗಿಸಿದರು. ಹತ್ತಿ ಕೂತು ಹಿಂದಿರುಗಿ ನೋಡಿದೆ. ಕಾರು ದೋಣಿಯ ಮೇಲಿತ್ತು, ಎಡಬಾಗಿಲು ಮುಚ್ಚಿತ್ತು. ಅದರ ಪಕ್ಕದಲ್ಲಿ ನಿಂತಿದ್ದ ಮೆಹಬೂಬ್ ಚಾಚಾ ಈಗ ಈ ಕಡೆ ತಿರುಗಿದ್ದರು. ಆಮೇಲೆ ನಾನು ಅವರನ್ನು ಕಾಣಲಿಲ್ಲ.